ಟೇಪು ಮೊದಲು ದಾಟಿದವನು

ಹನುಮಂತನಗರದಲ್ಲಿ ಅಕ್ಕನ ಬ್ಲೌಸ್ ಹೊಲಿಯುವ ಅಂಗಡಿ ಶುರುವಾದದ್ದು ಒಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಟೇಪು ಕಟ್ ಆಗಬೇಕು. ಮುಖ್ಯ ಅತಿಥಿಗಳು "ಬಂದೆ, ಸಿಗ್ನಲ್‌ನಲ್ಲಿದ್ದೀನಿ" ಅಂತ ಮೂರನೇ ಸಲ ಹೇಳಿದಾಗ ಹತ್ತೂಕಾಲು.

ಬಾಗಿಲಿಗೆ ಅಡ್ಡಲಾಗಿ ಕೆಂಪು ಸ್ಯಾಟಿನ್ ಟೇಪು, ನಡುವೆ ಅಂಗೈಯಗಲದ ಹೂವಿನ ಗಂಟು. ಬೆಳಿಗ್ಗೆ ಆರರಿಂದ ಪೂಜೆ ಅಂತ ಹತ್ತು ಜನ ಒಳಗೇ ಓಡಾಡಿದ್ದೆವು. ಟೇಪು ಕಟ್ಟಿದ ಮೇಲೆ ಮಾತ್ರ ಅದೇ ಹೊಸಲು ದಾಟಲು ಎಲ್ಲರಿಗೂ ಸಂಕೋಚ! ಮದುಮಕ್ಕಳಿಗೆ ಬಾಗಿಲು ತಡೆಯುವ ನಾದಿನಿಯ ಕೆಲಸವನ್ನೇ ಈ ಟೇಪೂ ಮಾಡುತ್ತದೆ ಅನ್ನಿಸಿತು. ನಾದಿನಿಗಾದರೆ ಗಂಡನ ಹೆಸರು ಹೇಳಿದರೆ ಸಾಕು, ಇದಕ್ಕೆ ಕತ್ತರಿಯೇ ಬೇಕು. ಅಜ್ಜಿಯ ತಕರಾರೂ ಅಲ್ಲೇ: "ಶುಭಕಾರ್ಯಕ್ಕೆ ಕತ್ತರಿ ಯಾಕ್ರೋ? ಗಂಟು ಬಿಚ್ಚಿದ್ರೆ ಆಗಲ್ವಾ?"

ಅಷ್ಟರಲ್ಲಿ ಕ್ಯಾನ್ ನೀರಿನ ಹುಡುಗ ಬಂದ. ಹೆಗಲ ಮೇಲೆ 20 ಲೀಟರ್ ಕ್ಯಾನು, ಆ ಕಡೆಯದೇನೂ ಅವನಿಗೆ ಕಾಣುತ್ತಿರಲಿಲ್ಲ. "ಎಲ್ಲಿಡ್ಲಿ ಅಕ್ಕಾ?" ಅನ್ನುತ್ತಲೇ ಸೀದಾ ಒಳಗೆ ನಡೆದ. ಟೇಪಿನ ಒಂದು ತುದಿ ಕಿತ್ತು, ಹೂವಿನ ಗಂಟಿನ ಸಮೇತ ಅವನ ಎದೆಗೆ ಅಂಟಿಕೊಂಡಿತ್ತು.

ಭಾವನ ಮುಖ ಸಪ್ಪಗಾಯಿತು. ನನಗೆ ಸಿಡ್ನಿ ನೆನಪಾಗಿ ನಗು ತಡೆಯಲಾಗಲಿಲ್ಲ. 1932ರ ಮಾರ್ಚ್ 19ರಂದು ಅಲ್ಲಿನ ಹಾರ್ಬರ್ ಸೇತುವೆಯ ಉದ್ಘಾಟನೆ. ಪ್ರೀಮಿಯರ್, ಅಂದರೆ ಆ ರಾಜ್ಯದ ಮುಖ್ಯಮಂತ್ರಿ, ಜಾಕ್ ಲ್ಯಾಂಗ್ ಟೇಪು ಕತ್ತರಿಸಬೇಕು. ಅವರನ್ನು ಕಂಡರಾಗದ ಫ್ರಾನ್ಸಿಸ್ ಡಿ ಗ್ರೂಟ್ ಎಂಬಾತ ಸೈನಿಕರ ವೇಷದಲ್ಲಿ ಕುದುರೆಯೇರಿ ಬಂದು, ಕತ್ತಿಯಿಂದ ಟೇಪು ಸೀಳಿಬಿಟ್ಟ. ಪೊಲೀಸರು ಅವನನ್ನು ಎಳೆದೊಯ್ದರು. ಆಮೇಲೆ ಟೇಪಿಗೆ ಗಂಟು ಹಾಕಿ, ಲ್ಯಾಂಗ್ ಕೈಯಲ್ಲಿ ಮತ್ತೆ ಕತ್ತರಿಸಿದರು. ಸೇತುವೆ ಅಲ್ಲೇ ಇತ್ತು, ತೆರೆದೂ ಇತ್ತು. ಆದರೂ ಕತ್ತರಿಸಬೇಕಾದವರೇ ಕತ್ತರಿಸಬೇಕು!

ನಾವೂ ಗಂಟು ಹಾಕಿದೆವು. ಅತಿಥಿಗಳು ಬಂದಾಗ ಹತ್ತು ಇಪ್ಪತ್ತಾರು. ಬಾಡಿಗೆಗೆ ತಂದ ಬಂಗಾರದ ಬಣ್ಣದ ಕತ್ತರಿ ಸ್ಯಾಟಿನ್ನನ್ನು ಅಗಿಯಿತೇ ವಿನಾ ಕತ್ತರಿಸಲಿಲ್ಲ. ಅಕ್ಕ ಕಟಿಂಗ್ ಟೇಬಲ್ಲಿನಿಂದ ತನ್ನ ದೊಡ್ಡ ಕತ್ತರಿ ತಂದಳು. ಬಟ್ಟೆ ಬಿಟ್ಟು ಬೇರೇನಕ್ಕೂ ಅದನ್ನು ಮುಟ್ಟಗೊಡದವಳು ಅವಳು. ಇನ್ನೇನು ಅವರ ಕೈಗಿಡಬೇಕು, "ಕೈಗೆ ಕೊಡಬೇಡ್ವೇ, ಜಗಳ ಆಗತ್ತೆ" ಅಂತ ಅಜ್ಜಿ ಕೂಗಿದರು. ತಟ್ಟೆಯಲ್ಲಿಟ್ಟು ಕೊಟ್ಟಳು. ಕರಕ್ ಅಂತ ಒಂದೇ ಏಟಿಗೆ ತುಂಡಾಯಿತು. ಎಲ್ಲರ ಜೊತೆ ಕ್ಯಾನ್ ಹುಡುಗನೂ ಚಪ್ಪಾಳೆ ತಟ್ಟಿದ.

ಡಿ ಗ್ರೂಟ್‌ಗೆ 5 ಪೌಂಡ್ ದಂಡ ಬಿದ್ದಿತ್ತು. ನಮ್ಮವನು ಬೋಣಿಗೂ ಮೊದಲೇ, "ಖಾಲಿ ಕ್ಯಾನ್ ಇಲ್ವಲ್ಲ ಅಕ್ಕಾ, ಅಡ್ವಾನ್ಸ್ ಕೊಡಿ" ಅಂತ 200 ರೂಪಾಯಿ ಇಸ್ಕೊಂಡು ಹೋದ.