ಎರೆಮಣ್ಣಿನ ಮೇಲೆ ಪ್ಯಾಪಿ ದೀಪ

ಅಕ್ಟೋಬರ್ 12, 2025, ಭಾನುವಾರ
ಬಳ್ಳಾರಿ

ಸಂಜೆ ರಾಯಚೂರಿನ ಅಳಿಯನ ಫೋನು. ಸಿವಿಲ್ ಎಂಜಿನಿಯರ್, ಪೀಠಿಕೆ ಹಾಕೋ ಜಾತಿ ಅಲ್ಲ. "ಮಾವಾ, ನಾಳೆ ನಮ್ಮ ಯರಮರಸ್‌ನ್ಯಾಗ ವಿಮಾನ ಇಳ್ಯಾಕ ಶುರು ಆತಂದ್ರ, ರನ್‌ವೇ ನೋಡಾಕ ಡಿಜಿಸಿಎದವ್ರೇ ಬರಬೇಕೇನು? ಹೊರಗಿನ ಪರಿಣತರಿಗೆ ದಿನಕ್ಕಿಷ್ಟು ಅಂತ ಕೊಟ್ಟು ನೋಡಿಸಿದ್ರ ಆಗಂಗಿಲ್ಲೇನ್ರಿ?"

ಡಿಜಿಸಿಎ ಅಂದರೆ ನಮ್ಮ ದೇಶದ ವಿಮಾನಯಾನ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಕಚೇರಿ. ಆಗ್ತದೆ ಅಂದೆ. ಅಷ್ಟಕ್ಕೇ ಬಿಟ್ಟಿದ್ದರೆ ರೊಟ್ಟಿ ಬಿಸಿ ಇರುವಾಗಲೇ ಊಟ ಮುಗೀತಿತ್ತು.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆ. 2018/1139 ನಿಯಮದ ಪ್ರಕಾರ ಅಲ್ಲಿನ ಪ್ರಾಧಿಕಾರ, ಅರ್ಹತೆ ಪರೀಕ್ಷಿಸಿದ ಹೊರಗಿನ ಸಂಸ್ಥೆಗೋ ವ್ಯಕ್ತಿಗೋ ತಪಾಸಣೆ ಕೆಲಸ ಒಪ್ಪಿಸಬಹುದು. ಅಮೆರಿಕದಲ್ಲಂತೂ ಪ್ರಾಧಿಕಾರದ ಪರವಾಗಿ ಹೊರಗಿನವರು ಪರೀಕ್ಷಿಸಿ ಸಹಿ ಹಾಕೋ ಡೆಸಿಗ್ನೀ ಪದ್ಧತಿ ಎಷ್ಟೋ ಹಳೆಯದು. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒ ಸುರಕ್ಷತಾ ಮೇಲ್ವಿಚಾರಣೆಯನ್ನು ಎಂಟು ಅಂಶ ಮಾಡಿಟ್ಟಿದೆ. ಏಳನೆಯದು ಕಣ್ಗಾವಲು, ಎಂಟನೆಯದು ಸಿಕ್ಕ ದೋಷಕ್ಕೆ ಪರಿಹಾರ. ಏಳನೆಯದನ್ನು ಹೊರಗಿನವರ ಕೈಗೆ ಕೊಡಬಹುದು. ಎಂಟನೆಯದನ್ನು ಕೊಟ್ಟರೆ ಕೆಟ್ಟಿತು. ಲೈಸೆನ್ಸ್ ತಡೆಹಿಡಿಯೋ ಧೈರ್ಯ ದಿನಗೂಲಿ ಲೆಕ್ಕದಲ್ಲಿ ಬಂದವನಿಗೆ ಎಲ್ಲಿಂದ ಬರಬೇಕು?

ಅಳಿಯನಿಗೆ ಇದು ಬರೀ ಪುಸ್ತಕದ ಮಾತು ಅನ್ನಿಸಿತು. ಅದಕ್ಕೇ, ಇಳಿಯೋ ದಾರಿ ಸರಿ ಇದೆಯಾ ಅಂತ ಪೈಲಟ್‌ಗೆ ತೋರಿಸೋ ಪ್ಯಾಪಿ ದೀಪದ ವಿಷಯ ತೆಗೆದೆ.

ರನ್‌ವೇ ಎಡಕ್ಕೆ ಸಾಲಾಗಿ ನಾಲ್ಕು ಪೆಟ್ಟಿಗೆ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರೋ ವಿಮಾನಕ್ಕೆ, ರನ್‌ವೇಯಿಂದ ದೂರದ ಪೆಟ್ಟಿಗೆ 2°30′ಗೆ, ಆಮೇಲೆ ಕ್ರಮವಾಗಿ 2°50′, 3°10′, ರನ್‌ವೇಗೆ ಹತ್ತಿರದ್ದು 3°30′ಗೆ ಹೊಂದಿಸಿರ್ತಾರೆ. ಆ ಕೋನಕ್ಕಿಂತ ಮೇಲಿಂದ ನೋಡಿದರೆ ಬಿಳಿ, ಕೆಳಗಿಂದ ನೋಡಿದರೆ ಕೆಂಪು. ಎರಡು ಬಿಳಿ ಎರಡು ಕೆಂಪು ಕಂಡರೆ ದಾರಿ ಸರಿ ಇದೆ ಅಂತ ಪೈಲಟ್ ಹಾಗೇ ಇಳೀತಾನೆ.

ಈಗ ನಮ್ಮ ಎರೆಮಣ್ಣಿಗೆ ಬಾ ಅಂದೆ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತೆ. ಪೆಟ್ಟಿಗೆ ಕೂರಿಸಿದ ಕಾಂಕ್ರೀಟ್ ಕಟ್ಟೆಗೆ ಆಳದ ಅಡಿಪಾಯ ಇಲ್ಲದಿದ್ದರೆ ಮಣ್ಣಿನ ಜೊತೆ ಅದೂ ಏಳುತ್ತೆ, ಬೀಳುತ್ತೆ. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ ಒಂದು ಮೀಟರ್ ಅಂತರ ಅಂತಿಟ್ಟುಕೊ. ಮುಂದಿನ ಕಾಲು ಬರೀ 6 ಮಿಲಿಮೀಟರ್ ಕುಸಿದರೆ ಕೋನ ಸುಮಾರು 20 ನಿಮಿಷ (ಡಿಗ್ರಿಯ ಅರವತ್ತನೇ ಒಂದು ಪಾಲು ಒಂದು ನಿಮಿಷ) ಇಳೀತು. 2°50′ದ ಪೆಟ್ಟಿಗೆ 2°30′ಕ್ಕೆ ಬಂತು. ಆಗ 2°40′ದಲ್ಲಿ ಬರೋ ವಿಮಾನಕ್ಕೆ ಮೂರು ಕೆಂಪು ಕಾಣಬೇಕಿತ್ತು, ಕಾಣೋದು ಎರಡೇ. ತಗ್ಗಿನಲ್ಲಿದ್ದೀನಿ ಅನ್ನೋ ಸುಳಿವೇ ಇಲ್ಲ. ಅಷ್ಟಾದರೂ ದೀಪ ಚೆನ್ನಾಗೇ ಉರೀತಿರುತ್ತೆ, ನೋಡೋಕೂ ಏನೂ ಆಗಿಲ್ಲ ಅನ್ನೋ ಹಂಗಿರುತ್ತೆ.

"ಹಂಗಾದ್ರ ಅಂಡರ್-ರೀಮ್ಡ್ ಪೈಲ್ ಹಾಕ್ಬೇಕಲ್ರಿ, ಮೂರೂವರೆ ಮೀಟರ್ ಇಳಿಸಿ" ಅಂದ. ಬುಡ ಅಗಲ ಮಾಡಿ ನೆಲದಾಳಕ್ಕೆ ಇಳಿಸೋ ಕಾಂಕ್ರೀಟ್ ಕಂಬ ಅದು. ಹೌದಪ್ಪಾ. ಆದರೆ ಅದನ್ನು ಕೇಳೋನು ಬೇಕಲ್ಲ? ಕರಾವಳಿಯ ಜಂಬಿಟ್ಟಿಗೆ ಮಣ್ಣಲ್ಲಿ ನುರಿತ ಪರಿಣತ ಮಳೆಗಾಲ ಮುಗಿದ ಮೇಲೆ ಬಂದು ಕೋನ ಅಳೆಯೋ ಕ್ಲೈನೋಮೀಟರ್ ಇಟ್ಟರೆ ಎಲ್ಲಾ ಸರಿಯಾಗೇ ಇರುತ್ತೆ. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಅಳೀಬೇಕು ಅಂತ ಅವನಿಗೆ ಹೊಳೆಯೋದೇ ಇಲ್ಲ. ಹೊರಗಿನ ಪರಿಣತರು ಬೇಕು ಅನ್ನೋದಕ್ಕೆ ನನ್ನ ದೊಡ್ಡ ಕಾರಣ ಇದೇ: ಎರೆನಾಡಿನ ಮಣ್ಣು ಬಲ್ಲವನನ್ನು ಪಟ್ಟಿಯಿಂದ ಆರಿಸಿ ಕರೆಸಬಹುದು, ಕಚೇರಿಯಲ್ಲಿ ಅಂಥವನು ಇದ್ದೇ ಇರ್ತಾನೆ ಅಂತ ಏನಿಲ್ಲ.

ಕಟ್ಟೆಯ ಅಂಚನ್ನೂ ನೋಡಬೇಕು. ಸುತ್ತಲ ಮಣ್ಣು ಬೇಸಿಗೆಗೆ ಇಳಿದು ಕಾಂಕ್ರೀಟಿನ ಅಂಚು ಎದ್ದು ನಿಂತರೆ, ರನ್‌ವೇ ತಪ್ಪಿದ ವಿಮಾನದ ಚಕ್ರ ಅಲ್ಲೇ ಮುರಿಯುತ್ತೆ.

ರೀಸಾ ಅಳತೆ ಇನ್ನೊಂದು ತಮಾಷೆ. ವಿಮಾನ ರನ್‌ವೇ ದಾಟಿ ಓಡಿದರೆ ಬೇಕಾಗೋ ಜಾಗ ಅದು, ಕನಿಷ್ಠ 90 ಮೀಟರ್, 240 ಇದ್ದರೆ ಒಳ್ಳೆಯದು. ಅಳೆಯೋದು ರನ್‌ವೇ ತುದಿಯಿಂದಲ್ಲ, ಅದರಾಚೆ 60 ಮೀಟರ್ ಸ್ಟ್ರಿಪ್, ಅಂದರೆ ರನ್‌ವೇ ಸುತ್ತ ಬಿಟ್ಟ ಸಮತಟ್ಟು ಜಾಗ, ಮುಗಿದಲ್ಲಿಂದ. ರನ್‌ವೇ ತುದಿಗೇ ಟೇಪ್ ಹಿಡಿದು 90 ಬರೆದುಕೊಂಡರೆ ನಿಜವಾದ ರೀಸಾ 30 ಮೀಟರ್. ಅಗ್ನಿಶಾಮಕ ಗಾಡಿಯದೂ ಹಿಂಗೇ. ಮೂರು ನಿಮಿಷದೊಳಗೆ ರನ್‌ವೇ ತುದಿ ಮುಟ್ಟಿ ನೊರೆ ಹಾಯಿಸಬೇಕು. ತಪಾಸಣೆಗೆ ಮೊದಲೇ ತಿಳಿಸಿ ಹೋದರೆ ಸಿಬ್ಬಂದಿ ಬೂಟು ಹಾಕ್ಕೊಂಡು ಗಾಡೀಲೇ ಕೂತಿರ್ತಾರೆ. ಎಟಿಆರ್ 72 ಥರದ ಸಣ್ಣ ವಿಮಾನ ಬರೋ ಕಡೆ ಅಗ್ನಿಶಾಮಕ ವ್ಯವಸ್ಥೆ 5ನೇ ವರ್ಗದ್ದು, 5,400 ಲೀಟರ್ ನೀರು. ಟ್ಯಾಂಕ್ ತುಂಬಿದ್ದು ಕಾಣುತ್ತೆ, ನೀರಿಗೆ ನೊರೆ ದ್ರಾವಣ ಬೆರೆಸೋ ಪ್ರಪೋರ್ಷನರ್ ಕಟ್ಟಿಕೊಂಡಿದ್ದು ಕಾಣಲ್ಲ. ಹಾಯಿಸಿಯೇ ನೋಡಬೇಕು.

ದುಡ್ಡಿನ ಮಾತು ಬಂತು. ಏರ್‌ಪೋರ್ಟಿನವರೇ ನೇರ ಕೊಟ್ಟರೆ ಬೇಗ ಆಗ್ತದಲ್ಲಾ ಅಂದ. ಭತ್ತದ ತೂಕ ಗಿರಣಿಯವನೇ ಹಾಕಿ ಅವನೇ ಬರ್ಕೊಂಡಂಗೆ ಆಗ್ತದಪ್ಪಾ. ಬೋಯಿಂಗ್‌ನ 737 ಮ್ಯಾಕ್ಸ್ ವಿಮಾನಕ್ಕೆ ಒಪ್ಪಿಗೆ ಕೊಡುವಾಗ ಪರಿಶೀಲನೆಯ ಬಹುಪಾಲು ಕಂಪನಿಯ ನೌಕರರ ಕೈಯಲ್ಲೇ ಇತ್ತು. 2018ರ ಅಕ್ಟೋಬರ್, 2019ರ ಮಾರ್ಚ್, ಎರಡು ಅಪಘಾತ, 346 ಜನ ಹೋದರು. ಪ್ರಾಧಿಕಾರದ ಪರವಾಗಿ ಸಹಿ ಹಾಕೋ ಅಂಥ ನೌಕರರ ನೇಮಕಕ್ಕೆ ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎದ ಒಪ್ಪಿಗೆ ಬೇಕು ಅನ್ನೋ ಕಾನೂನು 2020ರ ಡಿಸೆಂಬರ್‌ನಲ್ಲಿ ಬಂತು. ಶುಲ್ಕ ಪ್ರಾಧಿಕಾರಕ್ಕೆ ಹೋಗಲಿ, ಪ್ರಾಧಿಕಾರ ಪರಿಣತನಿಗೆ ಕೊಡಲಿ, ಯಾರು ಬರಬೇಕು ಅನ್ನೋದನ್ನೂ ಅದೇ ಹೇಳಲಿ. ಆ ಏರ್‌ಪೋರ್ಟಿನ ಕೈಪಿಡಿ ಬರೆದುಕೊಟ್ಟ ಕನ್ಸಲ್ಟೆಂಟೇ ಇನ್‌ಸ್ಪೆಕ್ಟರಾಗಿ ಬರೋದಂತೂ ಬೇಡವೇ ಬೇಡ.

ಕರೆಂಟು ಹೋಯ್ತು. ಫೋನಿನ ಬೆಳಕಲ್ಲಿ ಇಷ್ಟು ಬರೀತೀನಿ.

ಹಂಗಂತ ಕಚೇರಿ ಖಾಲಿ ಮಾಡೋಕಾಗಲ್ಲ. 2014ರ ಜನವರಿಯಲ್ಲಿ ಎಫ್‌ಎಎ ಭಾರತವನ್ನು ಎರಡನೇ ವರ್ಗಕ್ಕೆ, ಅಂದರೆ ಸುರಕ್ಷತಾ ಮೇಲ್ವಿಚಾರಣೆ ಸಾಲದ ದೇಶಗಳ ಸಾಲಿಗೆ, ಇಳಿಸಿದಾಗ, ಪೂರ್ಣಾವಧಿ ಫ್ಲೈಟ್ ಆಪರೇಷನ್ಸ್ ಇನ್‌ಸ್ಪೆಕ್ಟರ್‌ಗಳು ಸಾಲದು ಅನ್ನೋದು ಮುಖ್ಯ ತಕರಾರು. ಮೊದಲ ವರ್ಗ ವಾಪಸ್ ಬಂದದ್ದು 2015ರ ಏಪ್ರಿಲ್‌ಗೆ. ಹೊರಗಿನವನು "ಪ್ಯಾಪಿ ಸರಿ ಇಲ್ಲ" ಅಂತ ಒಂದೇ ಸಾಲು ಬರೆದು ಕೊಟ್ಟರೆ, ಯಾವ ಪೆಟ್ಟಿಗೆ, ಕೋನ ಎಷ್ಟು ನಿಮಿಷ ತಪ್ಪಿದೆ, ಯಾವ ಉಪಕರಣ, ಅದರ ಕ್ಯಾಲಿಬ್ರೇಷನ್ ಯಾವತ್ತು ಅಂತ ತಿರುಗಿ ಕೇಳೋಕೆ ಬಲ್ಲವನು ಒಳಗೆ ಇರಲೇಬೇಕು.

ಅಳಿಯ ಫೋನ್ ಇಟ್ಟ ಮೇಲೆ ಹೊಳೆದದ್ದು: ಇಂಥ ಕರಾರುಗಳಲ್ಲಿ ಕೂಲಿ ಭೇಟಿಯ ಲೆಕ್ಕ. ಅಕ್ಟೋಬರ್‌ನಲ್ಲಿ ಬಂದವನು ದೋಷ ಬರೆದ, ಕಟ್ಟೆ ಸರಿಮಾಡಿದರು, ಆದರೆ ಮಣ್ಣು ಬಿರಿಯೋದು ಏಪ್ರಿಲ್‌ಗೆ. ಆಗ ಮತ್ತೆ ಬಂದು ಅಳೆಯೋ ದಿನದ ಕೂಲಿ ಯಾವ ಬಾಬತ್ತಿಗೆ ಹಾಕ್ತಾರೆ, ಅದು ಇಲ್ಲ ಅಂದರೆ ಕಡತ ಮುಚ್ಚೋದು ಬರೀ ಫೋಟೋ ನೋಡಿಯೇ, ಫೋಟೋದಲ್ಲಿ 6 ಮಿಲಿಮೀಟರ್ ಅಂತೂ