ಸಣ್ಣ ಕತ್ತಿನ ಕತ್ತಿ

ಪಾರ್ಸೆಲ್ ಬಂದಿದ್ದು ಚಿಕ್ಕಮಗಳೂರಿನಲ್ಲಿರುವ ನನ್ನ ಭಾವಮೈದುನನ ಹೆಸರಿಗೆ. ಒಳಗಿದ್ದದ್ದು 'ಸ್ಟಾರ್ ವಾರ್ಸ್' ಸಿನಿಮಾದಲ್ಲಿ ಓಬಿ-ವಾನ್ ಎಂಬ ಯೋಧ ಹಿಡಿಯುವ ಲೈಟ್‌ಸೇಬರ್‌ನ ಹಿಲ್ಟ್, ಅಂದರೆ ಬೆಳಕಿನ ಕತ್ತಿಯ ಹಿಡಿ. ಅದರದೇ ತದ್ರೂಪು, ಅಲ್ಯೂಮಿನಿಯಂನದ್ದು. ಅವನಿಗೆ ಅದನ್ನು ಶೋಕೇಸಿನಲ್ಲೂ ಇಡಬೇಕು, ಬ್ಲೇಡ್ ಹಾಕಿ ಗೆಳೆಯರ ಜೊತೆ ಕಾಳಗವನ್ನೂ ಆಡಬೇಕು. 'ಎರಡಕ್ಕೂ ಆಗುತ್ತಾ, ನೋಡಿ ಹೇಳು' ಎಂದ. ಈ ಹುಚ್ಚಿನಲ್ಲಿ ನಾನು ಅವನಿಗಿಂತ ಸ್ವಲ್ಪ ಸೀನಿಯರ್.

ನೋಡೋಕೆ ಮಾತ್ರ ಸೊಗಸಾಗಿತ್ತು. 1977ರ ಮೊದಲ ಸಿನಿಮಾಕ್ಕೆ ಈ ಹಿಡಿಯನ್ನು ಗುಜರಿ ಸಾಮಾನಿನಿಂದಲೇ ಜೋಡಿಸಿದ್ದರು. ರೋಲ್ಸ್ ರಾಯ್ಸ್ ಜೆಟ್ ಎಂಜಿನ್ನಿನ ಒಂದು ಪೈಪ್, ಬ್ರಿಟಿಷರ ಹಳೇ ರೈಫಲ್ ಗ್ರೆನೇಡು, ಮೆಷಿನ್ ಗನ್ನಿನ ಒಂದು ಭಾಗ, ಬುಡಕ್ಕೆ ನಲ್ಲಿಯ ತಿರುಪು. ತದ್ರೂಪು ಮಾಡಿದವರು ಗ್ರೆನೇಡಿನ ಗೀರುಗಳನ್ನೂ ನಲ್ಲಿ ತಿರುಪಿನ ಏಣುಗಳನ್ನೂ ಚೆನ್ನಾಗಿ ಕಡೆದಿದ್ದರು. ಬಣ್ಣ ಅಲ್ಲಲ್ಲಿ ಬೇಕಂತಲೇ ಸವೆಸಿದ್ದರು. ಶೋಕೇಸಿಗಾದರೆ ನಾನು ಕಣ್ಣು ಮುಚ್ಚಿ ಹೂಂ ಅಂದುಬಿಡುತ್ತಿದ್ದೆ.

ನನಗೆ ಅನುಮಾನ ಬಂದಿದ್ದು ಕತ್ತಿನ ಮೇಲೆ. ಬ್ಲೇಡ್ ಕೂರುವ ಎಮಿಟರ್‌ಗೂ ಕೈ ಹಿಡಿಯುವ ಭಾಗಕ್ಕೂ ನಡುವೆ ಈ ಹಿಡಿ ತೀರಾ ಸಣ್ಣದಾಗುತ್ತದೆ. ಇದರ ಅಂದವೆಲ್ಲ ಇರುವುದೇ ಅಲ್ಲಿ. ಸಂಗ್ರಹ ಮಾಡುವವರು ಮೊದಲು ನೋಡೋದೂ ಅದನ್ನೇ. ಆದರೆ ಬ್ಲೇಡ್ ಅಂದರೆ ಸುಮಾರು 80–90 ಸೆಂಟಿಮೀಟರ್ ಉದ್ದದ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆ. ಅದರ ತುದಿಗೆ ಬಿದ್ದ ಪೆಟ್ಟು ಸನ್ನೆಕೋಲಿನ ಹಾಗೆ ನೇರ ಬಂದು ಮೀಟುವುದು ಈ ಕತ್ತನ್ನೇ. ದುಂಡನೆಯ ಗಟ್ಟಿ ಸರಳಿನ ವ್ಯಾಸ ಅರ್ಧಕ್ಕೆ ಇಳಿದರೆ ಬಾಗುವಿಕೆ ತಡೆಯುವ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಇಲ್ಲಿ ಒಳಗೆ ವೈರಿಗೆ ತೂತು ಬೇರೆ.

'ಕಾಳಗಕ್ಕೆ ಇದು ತಡೆಯಲ್ಲ' ಅಂದೆ. ಭಾವಮೈದುನ ಒಪ್ಪಲಿಲ್ಲ. ಸರಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಶಾಫ್ಟು ರಿಪೇರಿ ಮಾಡುವ ಲೇತ್ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವರು ಸಿನಿಮಾ ನೋಡಿದವರಲ್ಲ. 'ಏನಿದು, ಟಾರ್ಚಾ?' ಅಂದರು. ಆಮೇಲೆ ಅಳತೆ ನೋಡುವ ವರ್ನಿಯರ್ ತೆಗೆದರು. ಬ್ಲೇಡ್ ಕೂರುವ ತೂತು ಸರಿಯಾಗಿತ್ತು, ಒಂದು ಇಂಚಿನ ಕೊಳವೆ ಒಳಗೆ ಅಲುಗಾಡದೆ ನಿಂತಿತು. ಬ್ಲೇಡನ್ನು ಒತ್ತಿ ಹಿಡಿಯುವ ಸ್ಕ್ರೂ ಮಾತ್ರ ಒಂದೇ ಇತ್ತು, ಎರಡಿದ್ದರೆ ವಾಸಿ. ಕತ್ತನ್ನು ತಿರುಗಿಸಿ ಬಿಚ್ಚಿದಾಗ ಅವರ ಮುಖ ಸಣ್ಣಗಾಯಿತು. ತ್ರೆಡ್, ಅಂದರೆ ತಿರುಗಿಸಿ ಕೂರಿಸುವ ಸುರುಳಿ ಗೆರೆ, ನಾಲ್ಕೇ ಸುತ್ತು. 'ಇದು ಇಡೋಕೆ ಮಾಡಿದ್ದು, ಹೊಡೆಯೋಕಲ್ಲ' ಎಂದು ವಾಪಸ್ ಕೊಟ್ಟರು. ನಾನು ಅರ್ಧ ಗಂಟೆ ಕೊರೆದು ಹೇಳಿದ್ದನ್ನು ಅವರು ಒಂದೇ ಮಾತಲ್ಲಿ ಮುಗಿಸಿದರು.

ಆದರೂ ಆಡದೆ ಬಿಡೋದು ಹೇಗೆ? ಮಲ್ಲಂದೂರು ರಸ್ತೆಯಲ್ಲಿ ಅವನ ಗೆಳೆಯನ ತೋಟ ಇದೆ. ಕೊಯ್ಲು ಶುರುವಾಗಿರಲಿಲ್ಲ, ಕಾಫಿ ಒಣಗಿಸುವ ಕಣ ಖಾಲಿ. ಮುಖಕ್ಕೆ ಮಾಸ್ಕು, ಕೈಗೆ ದಪ್ಪ ಗ್ಲೌಸು ಹಾಕಿಕೊಂಡು ಇಳಿದೆವು. 'ಇಷ್ಟು ವಯಸ್ಸಾಗಿ ಮಕ್ಕಳಾಟ' ಅಂತ ಗೆಳೆಯನ ತಾಯಿ ನಕ್ಕರು. ಫ್ರಾನ್ಸಿನ ಫೆನ್ಸಿಂಗ್ ಫೆಡರೇಷನ್ 2019ರಲ್ಲೇ ಇದನ್ನು ಕ್ರೀಡೆ ಅಂತ ಒಪ್ಪಿದೆ ಎಂದೆ. ಅವರಿಗೇನೂ ಅನ್ನಿಸಲಿಲ್ಲ. ಅಲ್ಲಿನ ನಿಯಮದಲ್ಲಿ ಹೊಡೆಯುವ ಮೊದಲು ಬ್ಲೇಡಿನ ತುದಿ ಮೈಯ ಹಿಂದಕ್ಕೆ ಹೋಗಿ ಬರಬೇಕು. ಹಾಗಾಗಿ ಬೀಸು ದೊಡ್ಡದು. ನಾವು ಅಷ್ಟು ಬೀಸಲಿಲ್ಲ, ಮೆಲ್ಲಗೇ ಆಡಿದೆವು. ಹಾಕಿದ್ದು ಕೂಡ ಬರೀ ಖಾಲಿ ಕೊಳವೆ. ಬ್ಲೇಡಿನ ಉದ್ದಕ್ಕೂ ಎಲ್ಇಡಿ ಪಟ್ಟಿ ಇರುವ ಪಿಕ್ಸೆಲ್ ಬ್ಲೇಡ್ ನೋಡೋಕೆ ಚಂದ, ಆದರೆ ಜೋರು ಪೆಟ್ಟಿಗೆ ಅದರ ದೀಪ ಸತ್ತರೆ ಖರ್ಚು ಜಾಸ್ತಿ. ನಮ್ಮದರ ಹಾಗೆ ಹಿಡಿಯೊಳಗೇ ದೀಪ ಇರುವ ಬೇಸ್‌ಲಿಟ್ ಆದರೆ ಕೊಳವೆ ಬದಲಾಯಿಸಿದರೆ ಸಾಕು.

ಮೊದಲು ಕೈ ಕೊಟ್ಟಿದ್ದು ಕತ್ತಲ್ಲ, ಸ್ವಿಚ್ಚು. ಅದು ಹೆಬ್ಬೆರಳಿನ ಕೆಳಗೇ ಉಬ್ಬಿಕೊಂಡಿತ್ತು, ಹಿಡಿತ ಬಿಗಿಮಾಡಿದಾಗಲೆಲ್ಲ ದೀಪ ಆರಿಹೋಗುತ್ತಿತ್ತು. ಗ್ರೆನೇಡಿನ ಗೀರುಗಳು ಗ್ಲೌಸಿನೊಳಗೂ ಬೆರಳು ಒತ್ತಿದವು. ಸ್ವಲ್ಪ ಹೊತ್ತಿಗೆ ಎಮಿಟರ್ ಒಂದು ಕಡೆ ತಿರುಗಿತು, ಬ್ಲೇಡ್ ಲಟಲಟ ಅಂತು. ಕತ್ತಿನ ತ್ರೆಡ್ ಸಡಿಲವಾಗಿತ್ತು. ಅಂಟು ಹಾಕಿ ಬಿಗಿಮಾಡಬಹುದು, ನಿಜ. ಆದರೆ ನಾಲ್ಕು ಸುತ್ತಿನ ತ್ರೆಡ್ಡಿಗೆ ಅಂಟು ಎಷ್ಟು ದಿನ ಬಂದೀತು? ಅಲ್ಲಿಗೇ ನಿಲ್ಲಿಸಿದೆವು.

ಈಗ ಅದು ಅವನ ಮನೆಯ ಗಾಜಿನ ಕಪಾಟಿನಲ್ಲಿದೆ. ಆಟಕ್ಕೆ ಬೇರೆ ಹಿಡಿ ಬೇಕು: ನೇರ ಕೊಳವೆ, ಕತ್ತೇ ಇಲ್ಲದ್ದು, ಸ್ವಿಚ್ಚು ಒಳಗೆ ಹುದುಗಿದ್ದು, ಸ್ಕ್ರೂ ಎರಡು. ಲೇತ್‌ನವರು ತಾವೇ ಕಡೆದು ಕೊಡುತ್ತೇನೆ ಅಂದಿದ್ದಾರೆ. ಅಲ್ಯೂಮಿನಿಯಂ ರಾಡು ನಾವೇ ತಂದುಕೊಡಬೇಕಂತೆ, ಅದೂ ಕೊಯ್ಲಿಗೆ ಮೊದಲೇ. ಆಮೇಲೆ ಪಲ್ಪರ್ ಕೆಲಸ ಬಿಟ್ಟು ಬೇರೆ ಯಾವುದನ್ನೂ ಮುಟ್ಟುವುದಿಲ್ಲವಂತೆ.