ಕಿಟಕಿ ಸೀಟಿನ ದೃಷ್ಟಿಯುದ್ಧ

ಯಶವಂತಪುರದಲ್ಲಿ ರೈಲು ಇನ್ನೂ ಅಲುಗಾಡಿರಲಿಲ್ಲ, ಆಗಲೇ ಕಿಟಕಿ ಸೀಟಿಗಾಗಿ ಜಗಳ ಶುರುವಾಗಿತ್ತು. ಪುಟ್ಟಿಗೆ ಎಂಟು ವರ್ಷ, ಚಿನ್ನುಗೆ ಐದು. ಅವರಮ್ಮ ತಂಗಿಯ ಸೀಮಂತಕ್ಕೆ ಹೋಗಿದ್ದಳು. ಹೊರಡುವಾಗ "ಇಬ್ರನ್ನೂ ಒಂದು ದಿನ ನೋಡ್ಕೊಳ್ಳಿ, ಆಗ ಗೊತ್ತಾಗುತ್ತೆ" ಅಂದಿದ್ದಳು. ಮನೆಯಲ್ಲಿ ಕೂಡಿಹಾಕಿ ಒದ್ದಾಡುವುದಕ್ಕಿಂತ ಬೆಟ್ಟ ಹತ್ತಿಸಿ ಸುಸ್ತು ಮಾಡಿಸಿದರಾಯಿತು ಎಂದು ನಾನು ಶ್ರವಣಬೆಳಗೊಳಕ್ಕೆ ಹೊರಟೆ. ಸುಸ್ತಾಗುವವರು ಯಾರು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಕುಣಿಗಲ್ ಮೇಲಿನ ಈ ರೈಲು ಮಾರ್ಗ ಶುರುವಾದದ್ದು 2017ರಲ್ಲಿ. ಬಸ್ಸಿನಲ್ಲಾದರೆ ಚಿನ್ನು ಅರ್ಧ ದಾರಿಯಲ್ಲೇ ವಾಂತಿ ಮಾಡಿಕೊಳ್ಳುತ್ತಾನೆ, ಹಾಗಾಗಿ ನನಗೆ ಈ ಹಳಿಗಳ ಮೇಲೆ ವಿಶೇಷ ಗೌರವ. ನಾನು ನ್ಯಾಯ ತೀರ್ಮಾನ ಮಾಡಿದೆ: ನೆಲಮಂಗಲದವರೆಗೆ ಕಿಟಕಿ ಅಕ್ಕನದು, ಆಮೇಲೆ ತಮ್ಮನದು. ಇಬ್ಬರೂ ಒಪ್ಪಿದರು. ನಾನು ಮೊಬೈಲು ನೋಡುತ್ತಾ ಕೂತೆ. ಎಷ್ಟೋ ಹೊತ್ತಾದ ಮೇಲೆ ಚಿನ್ನು ತೋಳು ಎಳೆದ.

"ಅಪ್ಪಾ, ನೆಲಮಂಗಲ ಇಷ್ಟೊಂದು ದೂರಾನಾ?"

ಹೊರಗೆ ನೋಡಿದರೆ ಕುಣಿಗಲ್ ಬೋರ್ಡು. ಅವನಿಗಿನ್ನೂ ಓದಲು ಬರುವುದಿಲ್ಲವಲ್ಲ, ಪುಟ್ಟಿ ಪ್ರತಿ ಸ್ಟೇಷನ್ನಿನಲ್ಲೂ ಬೋರ್ಡು ನೋಡಿ "ಇದಲ್ಲ ಕಣೋ, ಇನ್ನೂ ಮುಂದೆ" ಎನ್ನುತ್ತಾ ಬಂದಿದ್ದಳು. ಸಿಟ್ಟು ಬಂತು. ನಗು ಅದಕ್ಕಿಂತ ಜೋರಾಗಿ ಬಂತು. ಅಪ್ಪ ನಕ್ಕನೆಂದರೆ ಮುಗಿಯಿತು, ಆಮೇಲೆ ಗದರಿಸಿದರೂ ಲೆಕ್ಕಕ್ಕಿಲ್ಲ.

ಗಲಾಟೆ ನಿಲ್ಲಿಸಲು ಭರತ ಬಾಹುಬಲಿಯರ ಕಥೆ ಹೇಳಿದೆ. ರಾಜ್ಯಕ್ಕಾಗಿ ಅಣ್ಣತಮ್ಮಂದಿರಿಗೇ ಯುದ್ಧ. ಸೈನಿಕರು ಸುಮ್ಮನೆ ಸಾಯುವುದು ಬೇಡವೆಂದು ಇಬ್ಬರೇ ಸೆಣಸುವುದಾಯಿತು. ದೃಷ್ಟಿಯುದ್ಧದಲ್ಲಿ ಕಣ್ಣು ಮಿಟುಕಿಸಿದವನು ಸೋತಂತೆ, ಆಮೇಲೆ ಜಲಯುದ್ಧ, ಕೊನೆಗೆ ಮಲ್ಲಯುದ್ಧ. ಮೂರರಲ್ಲೂ ಗೆದ್ದ ತಮ್ಮ ಎಲ್ಲವನ್ನೂ ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ ಎಂದು ಭಾರವಾದ ದನಿಯಲ್ಲಿ ಮುಗಿಸಿದೆ. ತ್ಯಾಗದ ಭಾಗ ಇಬ್ಬರ ಕಿವಿಗೂ ಬೀಳಲಿಲ್ಲ. "ಜಲಯುದ್ಧ ಅಂದ್ರೆ ನೀರೆರಚೋದಾ?" ಎಂದು ಚಿನ್ನು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಕಿತ್ತುಕೊಂಡೆ.

ಸ್ಟೇಷನ್ನಿನಿಂದ ಆಟೋ ಹಿಡಿದು ವಿಂಧ್ಯಗಿರಿಯ ಬುಡಕ್ಕೆ ಬಂದೆವು. ಊರಿನವರಿಗೆ ಅದು ದೊಡ್ಡಬೆಟ್ಟ. ಎದುರಿನ ಚಂದ್ರಗಿರಿ ಚಿಕ್ಕಬೆಟ್ಟ. ಎರಡರ ನಡುವಿನ ಬಿಳಿಯ ಕೊಳವೇ ಬೆಳಗೊಳ. ಚಪ್ಪಲಿ ಕೆಳಗೇ ಬಿಡಬೇಕು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಹೊತ್ತೇರಿದಂತೆ ಕಾದ ಕಾವಲಿ, ಹಾಗಾಗಿ ಕಾಲುಚೀಲ ತೊಡಿಸಿದೆ. ಮೆಟ್ಟಿಲು ಸುಮಾರು 650 ಎನ್ನುತ್ತಾರೆ. ಎಣಿಸಿಯೇ ಬಿಡೋಣ ಎಂದಳು ಪುಟ್ಟಿ. ಚಿನ್ನುಗೆ ನೂರರವರೆಗೆ ಮಾತ್ರ ಬರುತ್ತದೆ. ನೂರಾದಾಗಲೆಲ್ಲ ಒಂದು ಕಲ್ಲು ಹೆಕ್ಕಿ ನನ್ನ ಜೇಬಿಗೆ ಹಾಕಿ ಮತ್ತೆ ಒಂದರಿಂದ ಶುರು ಮಾಡುವುದು ಅವನ ಉಪಾಯ.

230ನೇ ಮೆಟ್ಟಿಲಿನಲ್ಲಿ ಮುಖ ಹಿಂಡಿಕೊಂಡು ನಿಂತ. "ಅಪ್ಪಾ, ಒಂದಕ್ಕೆ."

ಕೆಳಗೆ ಕೇಳಿದಾಗ "ಬಂದಿಲ್ಲ" ಎಂದಿದ್ದವನು ಇವನೇ. ಮೂವರೂ ಇಳಿದೆವು. ಮತ್ತೆ ಹತ್ತಿದೆವು. ಡೋಲಿಯಲ್ಲಿ ಅಜ್ಜಿಯೊಬ್ಬರನ್ನು ಹೊತ್ತು ಇಳಿಯುತ್ತಿದ್ದವರು ನನ್ನ ಏದುಸಿರು ನೋಡಿ "ಸಾರ್, ನಿಮಗೂ ಬೇಕಾ?" ಎಂದರು. ಮಕ್ಕಳ ಮುಂದೆ ಮಾನ ಉಳಿಸಿಕೊಳ್ಳಬೇಕಲ್ಲ, ಬೇಡವೆಂದೆ.

ಮೇಲೆ ತಲುಪಿದಾಗ ಪುಟ್ಟಿಯ ಲೆಕ್ಕ 637. ನನ್ನ ಜೇಬಿನಲ್ಲಿ ಚಿನ್ನುವಿನ ಹತ್ತು ಕಲ್ಲು. ಅಕ್ಕ ಬಿದ್ದು ಬಿದ್ದು ನಕ್ಕಳು. ಕೂತು ಲೆಕ್ಕ ಹಾಕಿದೆ: ಹುಡುಗ ಒಂದಕ್ಕೆ ಇಳಿದ ಮೆಟ್ಟಿಲನ್ನೂ, ತಿರುಗಿ ಹತ್ತಿದ್ದನ್ನೂ ಬಿಡದೆ ಎಣಿಸಿದ್ದ. ನನ್ನ ಮಂಡಿಯ ಲೆಕ್ಕವೂ ಅಷ್ಟೇ ಇತ್ತು.

ಬಾಗಿಲು ದಾಟಿ ತಲೆ ಎತ್ತಿದಾಗ ಇಬ್ಬರೂ ಒಂದು ಗಳಿಗೆ ಮಾತು ಮರೆತರು. ಕಥೆಯ ಬಾಹುಬಲಿಯೇ ಎದುರಿಗೆ: 58 ಅಡಿ, ಅಂದರೆ ಹತ್ತಿರ ಹತ್ತಿರ ಐದು ಮಹಡಿ, ಒಂದೇ ಕಲ್ಲು. ಗಂಗರ ಮಂತ್ರಿ ಚಾವುಂಡರಾಯ 981ರಲ್ಲಿ ತನ್ನ ತಾಯಿಯ ಆಸೆಗಾಗಿ ಇದನ್ನು ಮಾಡಿಸಿದ ಎಂಬ ಐತಿಹ್ಯ ಹೇಳಿದೆ.

"ಅವರಪ್ಪಂಗೆ ಏನು ಮಾಡಿಸ್ದ?" ಎಂದಳು ಪುಟ್ಟಿ. ಅಪ್ಪಂದಿರಿಗೆ ಮೂರ್ತಿ ಮಾಡಿಸಿದವರ ಕಥೆ ನನಗೊಂದೂ ನೆನಪಾಗಲಿಲ್ಲ.

ಚಿನ್ನುವಿನ ಕಣ್ಣು ಕಾಲಿನ ಹುತ್ತದಿಂದ ಬಳ್ಳಿಯ ಜೊತೆ ಮೇಲೇರಿ ತೋಳಿನವರೆಗೆ ಹೋಯಿತು. "ಕಚಗುಳಿ ಆಗಲ್ವಾ?" ಎಂದ. ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆ, ಅಂಗಳಕ್ಕೆಲ್ಲ ಕೇಳುವ ಹಾಗೆ: "ಅಪ್ಪಾ, ಬಟ್ಟೆ ಯಾಕೆ ಹಾಕ್ಕೊಂಡಿಲ್ಲ?"

ನಾನು ತಡವರಿಸುತ್ತಿರುವಾಗ ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಹಿರಿಯರೊಬ್ಬರು ಬಗ್ಗಿ, "ಎಲ್ಲಾ ಬಿಟ್ಟುಬಿಟ್ಟ ಮಗಾ. ಈಗ ದಿಕ್ಕುಗಳೇ ಬಟ್ಟೆ, ಅದಕ್ಕೇ ದಿಗಂಬರ ಅನ್ನೋದು" ಎಂದರು. ಚಿನ್ನು ಗಂಭೀರವಾಗಿ ತಲೆಯಾಡಿಸಿದ. "ಹಂಗಾದ್ರೆ ಒಗೆಯೋ ಕೆಲ್ಸಾನೇ ಇಲ್ಲ." ಮನೆಯಲ್ಲಿ ವಾಷಿಂಗ್ ಮೆಷಿನ್ ಕೆಟ್ಟು ವಾರವಾಗಿತ್ತು. ಬಕೆಟ್ಟಿನ ಮುಂದೆ ಕೂತ ನನ್ನನ್ನು ಇವನು ದಿನಾ ನೋಡುತ್ತಿದ್ದ. ಹಿರಿಯರು ನಕ್ಕುಬಿಟ್ಟರು. ನನಗೂ ಜೀವ ಬಂದಂತಾಯಿತು.

ಹೊರಗೆ ಗುಳ್ಳಕಾಯಜ್ಜಿಯ ಮೂರ್ತಿ ತೋರಿಸಿದೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಪಾದ ಮುಟ್ಟಲಿಲ್ಲವಂತೆ. ಈ ಅಜ್ಜಿ ಗುಳ್ಳಕಾಯಿಯಲ್ಲಿ ತಂದ ಒಂದಿಷ್ಟು ಹಾಲು ಮೂರ್ತಿಯನ್ನೆಲ್ಲ ತೋಯಿಸಿತಂತೆ. ಬೆಳಿಗ್ಗೆ ಅರ್ಧ ಲೋಟ ಹಾಲು ಕುಡಿಸಲು ನನಗೆ ಮುಕ್ಕಾಲು ಗಂಟೆ ಹಿಡಿದಿತ್ತು, ಅಜ್ಜಿಗೆ ಮನಸಾರೆ ಕೈಮುಗಿದೆ.

ಸಂಜೆ ವಾಪಸು ರೈಲು. ಕಿಟಕಿ ಒಂದು, ಮಕ್ಕಳು ಎರಡು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ "ದೃಷ್ಟಿಯುದ್ಧ!" ಎಂದಳು. ಎದುರುಬದುರು ಕೂತು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡತೊಡಗಿದರು. ಕಣ್ಣಲ್ಲಿ ನೀರು ಬಂದರೂ ಸೋಲಲೊಲ್ಲರು. "ಮಿಟುಕಿಸ್ದೆ", "ಇಲ್ಲ, ನೀನೇ", ಮತ್ತೆ ಮೊದಲಿಂದ. ಯಡಿಯೂರು ಬಂತು, ಹೋಯಿತು. ಕಿಟಕಿ ಸೀಟು ಖಾಲಿಯೇ ಇತ್ತು.

ನಾನು ಮೆಲ್ಲಗೆ ಜರುಗಿ ಅಲ್ಲಿ ಕೂತೆ. ಗಾಳಿ ಚೆನ್ನಾಗಿತ್ತು. ಕುಣಿಗಲ್ ಬೋರ್ಡು ಕಂಡಾಗ ಚಿನ್ನು ಕಣ್ಣು ಕದಲಿಸದೆ ಕೇಳಿದ, "ಅಪ್ಪಾ, ಇದ್ಯಾವ ಊರು?"

"ಇನ್ನೂ ದೂರ ಇದೆ ಕಣೋ" ಎಂದೆ.